ಖಾಲಿ ಬಂದ ಹದಿನಾಲ್ಕು ಪತ್ರಗಳು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಅಡುಗೆಮನೆಯ ಫೋನು ಹೊಡೆದುಕೊಂಡಾಗ ಹಿಲ್ಕಾ ರಾಂತಾ ಅಲ್ಲೇ ಮೇಜಿನ ಮುಂದೆ ಕೂತು ಆರಿಹೋದ ಕಾಫಿಯನ್ನು ನೋಡುತ್ತಿದ್ದಳು. ಗುರುವಾರ ಅಂಚೆಯವನಿಗೆ "ಮೆಟ್ಟಿಲು ಜಾರುತ್ತೆ, ಹುಷಾರು" ಎಂದದ್ದೇ ಕೊನೆ. ಆಮೇಲೆ ಅವಳು ಯಾರೊಂದಿಗೂ ಮಾತಾಡಿರಲಿಲ್ಲ. ಹಾಗಾಗಿ "ಹಲೋ" ಎಂದಾಗ ಗಂಟಲಿನಿಂದ ಬಂದದ್ದು ಬೇರೆ ಯಾರದೋ ದನಿಯಂತಿತ್ತು.

"ಏನೇ ಇದು, ಕಪ್ಪೆ ನುಂಗಿದೀಯಾ?" ಎಂದಳು ಅರ್ಲೀನ್ ಬುಶಾರ್. ಮೂವತ್ತು ವರ್ಷ ಥಂಡರ್ ಬೇ ಊರಿನಲ್ಲಿ ಶಾಲಾ ಬಸ್ಸು ಓಡಿಸಿ, ಹಿಂದಿನ ಸೀಟಿನವರೆಗೂ ಕೇಳುವಂತೆ ಕೂಗಿ ಕೂಗಿ ಅಭ್ಯಾಸವಾದ ಗಂಟಲು ಅವಳದು. ಫೋನನ್ನು ಕಿವಿಯಿಂದ ಗೇಣುದ್ದ ದೂರ ಹಿಡಿದರೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಈಗಷ್ಟೇ ಎದ್ದೆ," ಎಂದು ಹಿಲ್ಕಾ ಸುಳ್ಳು ಹೇಳಿದಳು.

"ಅದೃಷ್ಟವಂತೆ. ಕೇಳು, ನಮ್ಮ ಚರ್ಚಿನ ವೆಬ್ ಪುಟದಿಂದ ಬರೀ ಖಾಲಿ ಕಾಗದ ಬರ್ತಿದೆ. ಮೊದಮೊದಲು ನಾನು ತಲೆ ಕೆಡಿಸ್ಕೊಳ್ಳಲಿಲ್ಲ. ಜನ ಪುಟ ತೆಗೀತಾರೆ, ಧೈರ್ಯ ಸಾಲಲ್ಲ, ಏನೂ ಬರೀದೆ ಕಳಿಸ್ತಾರೆ. ಅಂಥವು ತಿಂಗಳಿಗೆ ಒಂದೋ ಎರಡೋ ಇದ್ದಿದ್ದೇ. ಆದ್ರೆ ಇವತ್ತು ಎಣಿಸಿದೆ. ಹನ್ನೊಂದು ದಿನದಲ್ಲಿ ಹದಿನಾಲ್ಕು ಬಂದಿವೆ. ಒಂದರಲ್ಲೂ ಒಂದಕ್ಷರ ಇಲ್ಲ."

ಹಿಲ್ಕಾ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಹನ್ನೊಂದು ದಿನದ ಹಿಂದೆ ನಮ್ಮ ಪುಟಾನ ಹೊಸ ಸರ್ವರ್‌ಗೆ ಸಾಗಿಸಿದ್ರು."

"ಸಾಗಿಸಿದ್ರೆ ಏನಾಯ್ತು? ಕಾಗದ ದಾರೀಲಿ ಬಿದ್ದೋಗುತ್ತಾ?"

"ನೋಡ್ತೀನಿ."

"ಇನ್ನೊಂದು ವಿಷಯ," ಎಂದು ಅರ್ಲೀನ್ ದನಿ ತಗ್ಗಿಸಿದಳು. "ಅದರಲ್ಲಿ ಒಂಬತ್ತು ಕಾಗದ ಹಗಲು ಹನ್ನೊಂದು ನಲವತ್ತರ ಆಸುಪಾಸಲ್ಲೇ ಬಂದಿವೆ. ಹೆಚ್ಚುಕಮ್ಮಿ ದಿನಾ ಒಂದು. ಯಾರೋ ಒಬ್ಬರೇ ಅಂತ ಕಾಣುತ್ತೆ."

ಚರ್ಚಿನ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಿದೆ. ಅರ್ಲೀನ್ ಸೇರಿ ಆರು ಜನ ಸ್ವಯಂಸೇವಕರು ಅಲ್ಲಿ ಸರದಿಯಂತೆ ಕೂತು, ಊರಿನವರು ಹೆಸರು ಹಾಕದೆ ವೆಬ್ ಪುಟದಲ್ಲಿ ಬರೆದು ಕಳಿಸುವ ಪತ್ರ ಓದುತ್ತಾರೆ. ಹೆಂಡತಿಗೂ ಹೇಳಲಾಗದ್ದು, ವೈದ್ಯರಿಗೂ ಹೇಳಲಾಗದ್ದು, ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡದ್ದು, ಎಲ್ಲವೂ ಆ ಪತ್ರಗಳಲ್ಲಿ ಇರುತ್ತದೆ. ಊರಿನಲ್ಲಿ ಎಲ್ಲಿ ಹೋದರೂ ನೆಂಟರೋ ಪರಿಚಯದವರೋ ಸಿಗುತ್ತಾರೆ. ಆದ್ದರಿಂದ ಬರೆದದ್ದು ಬೇರೆಯವರಿಗೆ ಓದಲಾಗದ ಅಕ್ಷರಗಳಾಗಿ, ಅದಕ್ಕೆ ಸರ್ವರ್‌ನಲ್ಲೇ ಬೀಗ ಬೀಳುವಂತೆ ಆರು ವರ್ಷದ ಹಿಂದೆ, ತೊಂಬತ್ತೆಂಟರಲ್ಲಿ, ಹಿಲ್ಕಾ ಒಂದು ಸ್ಕ್ರಿಪ್ಟ್, ಒಂದು ಪುಟ್ಟ ಪ್ರೋಗ್ರಾಮು, ಬರೆದುಕೊಟ್ಟಿದ್ದಳು. ಕಾಗದದ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದುಡಿದು ಬಂದವಳಿಗೆ ಅದು ದೊಡ್ಡ ಕೆಲಸವೇನಲ್ಲ. ಬೀಗ ಹಾಕುವ ಕೀಲಿ ಸರ್ವರ್‌ನಲ್ಲಿ, ತೆಗೆಯುವ ಕೀಲಿ ನೆಲಮಾಳಿಗೆಯ ಯಂತ್ರದಲ್ಲಿ ಮಾತ್ರ. ಅದು ಹಿಲ್ಕಾಳ ಹತ್ತಿರವೂ ಇರಲಿಲ್ಲ. ಬೇಡವೆಂದು ಅವಳೇ ಹೇಳಿದ್ದಳು. ಆರು ವರ್ಷದಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಪತ್ರಗಳು ಅವಳ ಸ್ಕ್ರಿಪ್ಟ್ ಮೂಲಕ ಹಾದುಹೋಗಿದ್ದವು. ಅವಳು ಒಂದನ್ನೂ ಓದಿರಲಿಲ್ಲ.

ಅವಳು ಕಂಪ್ಯೂಟರನ್ನು ಅಡುಗೆಮನೆಗೇ ತಂದಿಟ್ಟುಕೊಂಡಿದ್ದಳು. ಚಳಿಗಾಲದಲ್ಲಿ ಒಂದೇ ಕೋಣೆ ಬಿಸಿ ಮಾಡಿಕೊಂಡರೆ ಸಾಕು ಎಂಬುದು ನೆಪ. ಒಳಕೋಣೆಯ ಫೋನಿನ ಪಕ್ಕ ಕೂರುವುದು ಅವಳಿಗೆ ಬೇಕಿರಲಿಲ್ಲ ಎಂಬುದು ನಿಜ. ಪ್ರತಿ ಭಾನುವಾರ ನಾಲ್ಕು ಗಂಟೆಗೆ ದೂರದ ಟಿಮಿನ್ಸ್‌ನಿಂದ ತಂಗಿ ಹೆಲ್ವಿ ಅದೇ ಫೋನಿನಲ್ಲಿ ಮಾತಾಡುತ್ತಿದ್ದಳು, ಮೂವತ್ತೊಂದು ವರ್ಷ ತಪ್ಪದೆ. ಅಕ್ಟೋಬರ್‌ನಲ್ಲಿ ಹೆಲ್ವಿ ಹೋದಳು. ಹಿಲ್ಕಾ ಬಸ್ಸಿನಲ್ಲಿ ಹೋಗಿ ಮಣ್ಣು ಮಾಡಿ ಬಂದಳು. ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಬೇಕೆಂದು ಮುಚ್ಚಿಟ್ಟದ್ದಲ್ಲ. ಯಾರೂ ಕೇಳಲಿಲ್ಲ, ಕೇಳದೆ ಹೇಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಆಮೇಲೆ ಕಾಲ ಮೀರಿಹೋಯಿತು.

ಮೊದಲು ಅವಳು ಸರ್ವರ್‌ಗೆ ತನ್ನ ಹೆಸರಿನಿಂದ ಒಳಹೋಗಿ ಸ್ಕ್ರಿಪ್ಟ್ ಬಳಸುವ ಬೀಗ ಹಾಕುವ ಸಾಧನವನ್ನು ಕೈಯಾರೆ ಓಡಿಸಿ ನೋಡಿದಳು. ಅದು ಏನೋ ಕೇಳಿತು, ಅವಳು ಹೌದು ಎಂಬ ಗುಂಡಿ ಒತ್ತಿದಳು, ಸಾಲುಸಾಲಾಗಿ ಅರ್ಥವಿಲ್ಲದ ಅಕ್ಷರಗಳು ಬಂದವು. ಬೀಗ ಬಿದ್ದಿತ್ತು. ಅದೇ ಸಾಧನವನ್ನು ಪುಟದ ಮೂಲಕ ಓಡಿಸಿದರೆ ಖಾಲಿ. ಕೈಯಿಂದ ಆಗುತ್ತದೆ, ಪುಟದಿಂದ ಆಗುವುದಿಲ್ಲ. ಇಂಥ ಕಾಯಿಲೆ ಅವಳಿಗೆ ಹೊಸದಲ್ಲ, ಆದರೆ ಕಾರಣ ಹತ್ತಾರು ಇರಬಹುದು.

ಸಾಧನಕ್ಕೆ ತೊಂದರೆಯಾದರೆ ಅದು ದೂರು ಹೇಳುತ್ತದೆ. ಪುಟದಿಂದ ಓಡಿದಾಗ ಆ ದೂರನ್ನು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ, ಅದು ಗಾಳಿಗೆ ಹೋಗುತ್ತಿತ್ತು. ದೂರನ್ನು ಒಂದು ಕಡತದಲ್ಲಿ ಬರೆದಿಡು ಎಂದು ಹಿಲ್ಕಾ ಸ್ಕ್ರಿಪ್ಟಿಗೆ ಹೇಳಿದಳು. ಪುಟದಲ್ಲಿ ಪತ್ರ ಬರೆಯಲು ಇರುವ ಪೆಟ್ಟಿಗೆಯಲ್ಲಿ "ಪರೀಕ್ಷೆ ಒಂದು" ಎಂದು ಬರೆದು ಕಳಿಸಿದಳು. ಕಡತವೇ ಹುಟ್ಟಲಿಲ್ಲ. ಅರ್ಧ ಗಂಟೆ ತಲೆ ಚಚ್ಚಿಕೊಂಡ ಮೇಲೆ ಹೊಳೆಯಿತು: ದೂರು ಬರೆಯುವುದಕ್ಕೂ ಅದಕ್ಕೆ ಅನುಮತಿಯಿಲ್ಲ. ಸರ್ವರ್‌ನಲ್ಲಿ ಎಲ್ಲರೂ ಗೀಚಬಹುದಾದ ಜಾಗವೊಂದು ಇರುತ್ತದೆ. ಕಡತವನ್ನು ಅಲ್ಲಿಗೆ ತಿರುಗಿಸಿದಳು. "ಪರೀಕ್ಷೆ ಎರಡು."

ಈ ಸಲ ಕಡತದಲ್ಲಿ ಒಂದು ಸಾಲಿತ್ತು. ಕೀಲಿಯ ಗೊಂಚಲನ್ನು ತೆರೆಯಲಾಗುತ್ತಿಲ್ಲ, ಅನುಮತಿ ನಿರಾಕರಿಸಲಾಗಿದೆ.

ಹಳೆಯ ಸರ್ವರ್‌ನಲ್ಲಿ ಅವಳ ಸ್ಕ್ರಿಪ್ಟ್ ಅವಳ ಹೆಸರಿನಲ್ಲೇ ಓಡುತ್ತಿತ್ತು, ಅವಳ ಕೀಲಿಗಳು ಅದಕ್ಕೂ ಸಿಗುತ್ತಿದ್ದವು. ಹೊಸದರಲ್ಲಿ ಎಲ್ಲರ ಸ್ಕ್ರಿಪ್ಟುಗಳೂ ಒಂದೇ ಬಳಕೆದಾರನ ಹೆಸರಿನಲ್ಲಿ ಓಡುತ್ತವೆ. ಅವನಿಗೆ ಸರ್ವರ್ ಕಟ್ಟಿದವರು ಇಟ್ಟ ಹೆಸರು ನೋಬಡಿ. ಆ ಯಾರೂ ಅಲ್ಲದವನಿಗೆ ಮನೆಯಿಲ್ಲ, ಕಡತವಿಲ್ಲ, ಇನ್ನೊಬ್ಬರ ಬಾಗಿಲು ತಟ್ಟುವ ಹಕ್ಕಿಲ್ಲ.

ಸುಲಭದ ದಾರಿ ಒಂದಿತ್ತು. ಕೀಲಿಯ ಗೊಂಚಲನ್ನು ಎಲ್ಲರಿಗೂ ತೆರೆದಿಟ್ಟರೆ ಆಯಿತು. ಹಿಲ್ಕಾ ಆ ಆಜ್ಞೆಯನ್ನು ಟೈಪು ಮಾಡಿದಳು ಕೂಡ. ಬೆರಳು ಗುಂಡಿಯ ಮೇಲೆ ನಿಂತಿತು. ಅದೇ ಸರ್ವರ್‌ನಲ್ಲಿ ಇನ್ನೂ ನೂರಾರು ಜನರ ಪುಟಗಳಿವೆ. ಗೊಂಚಲು ತೆರೆದಿದ್ದರೆ ಅವರಲ್ಲಿ ಯಾರು ಬೇಕಾದರೂ ಚರ್ಚಿನ ಕೀಲಿ ತೆಗೆದು ತಮ್ಮದನ್ನು ಇಡಬಹುದು. ಆಗ ಊರಿನ ಗುಟ್ಟೆಲ್ಲ ಅವರಿಗೇ ಅರ್ಥವಾಗುವ ಬೀಗದಲ್ಲಿ ಹೋಗುತ್ತದೆ. ಅವಳು ಒಂದೊಂದಾಗಿ ಅಕ್ಷರ ಅಳಿಸಿದಳು. ಪುಟದ ಮೇಲೆ "ಸದ್ಯಕ್ಕೆ ಬರೆಯಬೇಡಿ, ಪೆಟ್ಟಿಗೆ ಕೆಟ್ಟಿದೆ, ಹಿಂದೆ ಬರೆದವರು ದಯವಿಟ್ಟು ಮತ್ತೆ ಬನ್ನಿ, ನಿಮ್ಮ ಮಾತು ನಮಗೆ ತಲುಪಿಲ್ಲ" ಎಂದು ಹಾಕಿದಳು. ಕೊನೆಯ ಮಾತನ್ನು ಮೂರು ಸಲ ತಿದ್ದಿದಳು.

ಮಂಗಳವಾರ ಬೆಳಿಗ್ಗೆ ವಿನ್ನಿಪೆಗ್‌ನಲ್ಲಿರುವ ಸರ್ವರ್‌ನವರಿಗೆ ಫೋನು ಮಾಡಿದಳು. ಸಿಕ್ಕವನ ಹೆಸರು ಓರೆಸ್ಟ್. ಏನನ್ನೋ ಅಗಿಯುತ್ತಲೇ ಮಾತಾಡುತ್ತಿದ್ದ.

"ಕೀಲಿ ಗೊಂಚಲನ್ನ ಎಲ್ಲರಿಗೂ ತೆಗೆದುಬಿಡಿ ಮೇಡಂ, ಎಲ್ಲರೂ ಹಂಗೇ ಮಾಡೋದು."

"ಎಲ್ಲರೂ ಹಂಗೇ ಮಾಡ್ತಾರೆ ಅಂತಲೇ ನಾನು ಮಾಡಲ್ಲ. ನನ್ನ ಸ್ಕ್ರಿಪ್ಟ್ ನನ್ನ ಹೆಸರಲ್ಲೇ ಓಡೋ ಹಾಗೆ ಮಾಡಿಕೊಡಿ. ಹಳೇದರಲ್ಲಿ ಹಂಗೇ ಇತ್ತು."

ಅಗಿಯುವುದು ನಿಂತಿತು. "ಇದನ್ನ ಕೇಳೋರು ವರ್ಷಕ್ಕೆ ಒಬ್ಬರು. ನೀವು ಮೊದಲು ಎಲ್ಲಿ ಕೆಲಸ ಮಾಡ್ತಿದ್ರಿ?"

"ಕಾಗದದ ಕಾರ್ಖಾನೇಲಿ."

"ಅಲ್ಲೂ ಹಿಂಗೇ ಎಲ್ಲರನ್ನೂ ಅಳಿಸ್ತಿದ್ರಾ?"

"ಅಳೋದಿದ್ರೆ ಆಮೇಲೆ ಅಳಿ. ಎಷ್ಟು ಹೊತ್ತಾಗುತ್ತೆ?"

ಅವನು ನಕ್ಕ. ಹಿಲ್ಕಾಳಿಗೂ ತುಟಿ ಅರಳಿತು. ಯಾರನ್ನಾದರೂ ನಗಿಸಿ ಎಷ್ಟು ದಿನವಾಯಿತೆಂದು ಲೆಕ್ಕ ಹಾಕಲು ಹೋಗಿ, ಬಿಟ್ಟಳು. ಒಂದು ಗಂಟೆ ಕೊಡಿ ಎಂದು ಓರೆಸ್ಟ್ ಹೇಳಿದ. ಆಮೇಲೆ, ಉಪಕಾರ ಮಾಡುವ ದನಿಯಲ್ಲಿ, "ಆ ಖಾಲಿ ಬಂದಿದ್ದವಲ್ಲ, ಯಾವ್ಯಾವ ಕಂಪ್ಯೂಟರಿಂದ ಬಂದ್ವು ಅನ್ನೋ ವಿಳಾಸ ಇಲ್ಲಿ ದಾಖಲೆಯಾಗಿದೆ. ಬೇಕಾ? ಮನೆ ನಂಬರು ಸಿಗಲ್ಲ, ಆದ್ರೆ ಆಫೀಸೋ ಗ್ರಂಥಾಲಯವೋ ಆಗಿದ್ರೆ ಗೊತ್ತಾಗುತ್ತೆ," ಎಂದ.

ಹಿಲ್ಕಾ ಗೋಡೆಯ ಮೇಲಿನ ಗಡಿಯಾರ ನೋಡಿದಳು. ಹನ್ನೊಂದೂ ಕಾಲು. ಇನ್ನು ಇಪ್ಪತ್ತೈದು ನಿಮಿಷಕ್ಕೆ ಯಾರೋ ಒಬ್ಬರು ಎಲ್ಲೋ ಕೂತು ಪುಟ ತೆರೆಯುತ್ತಾರೆ. ಗ್ರಂಥಾಲಯದಲ್ಲೇ ಇದ್ದರೆ ಕಾರು ಹತ್ತಿ ಹತ್ತು ನಿಮಿಷದಲ್ಲಿ ಅಲ್ಲಿರಬಹುದು. ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತು ಏನು ಹೇಳುವುದು? ಅಲ್ಲದೆ ಪುಟದ ತಲೆಯ ಮೇಲೆ "ನೀವು ಯಾರೆಂದು ನಾವು ಎಂದೂ ಹುಡುಕುವುದಿಲ್ಲ" ಎಂಬ ಸಾಲಿದೆ. ಅದನ್ನು ಬರೆದವಳು ಅವಳೇ.

"ಬೇಡ," ಎಂದಳು. "ಅದನ್ನ ಅಳಿಸಿಬಿಡಿ. ಇನ್ನು ಮುಂದೆ ಬರೆದಿಡಲೂಬೇಡಿ."

"ಖಂಡಿತಾ ತಾನೇ? ಅಳಿಸಿದ್ರೆ ಮತ್ತೆ ಬರಲ್ಲ."

"ಗೊತ್ತು."

ಫೋನಿಟ್ಟಳು. ತಾನು ಮಾಡಿದ್ದು ಸರಿಯೆಂದು ಅವಳಿಗೆ ಅನ್ನಿಸಲಿಲ್ಲ, ತಪ್ಪೆಂದೂ ಅನ್ನಿಸಲಿಲ್ಲ. ಹನ್ನೊಂದು ನಲವತ್ತಾಯಿತು. ಐವತ್ತಾಯಿತು. ಪುಟದಿಂದ ಏನೂ ಬರಲಿಲ್ಲ. ಬರೆಯಬೇಡಿ ಎಂದು ಹಾಕಿದವಳು ತಾನೇ, ಬಾರದಿದ್ದುದಕ್ಕೆ ಬೇಸರ ಪಡುತ್ತಿರುವವಳೂ ತಾನೇ. ರೈ ಬ್ರೆಡ್ಡಿಗೆ ಬೆಣ್ಣೆ ಸವರಿ ನಿಂತುಕೊಂಡೇ ತಿಂದಳು. ಕಿಟಕಿಯಾಚೆ ಹಿಮ ಒತ್ತುವ ಗಾಡಿ ಬೀದಿಯ ಹಿಮವನ್ನೆಲ್ಲ ತಂದು ಅವಳ ಕಾರು ಹೊರಡುವ ದಾರಿಯ ಬಾಯಿಗೆ ಗುಡ್ಡೆ ಹಾಕಿ ಹೋಯಿತು.

ಒಂದು ಗಂಟೆಗೆ ಓರೆಸ್ಟ್ ಆಯಿತೆಂದು ತಿಳಿಸಿದ. ಸೋಮವಾರವೇ ಎಂಟು ಪರೀಕ್ಷೆ ಮುಗಿಸಿದ್ದ ಹಿಲ್ಕಾ "ಪರೀಕ್ಷೆ ಒಂಬತ್ತು" ಎಂದು ಬರೆದು ಕಳಿಸಿದಳು. ಪರೀಕ್ಷೆಗೆಂದು ನಿನ್ನೆಯಿಂದ ಪ್ರತಿ ಪತ್ರದ ಒಂದು ನಕಲು ತನಗೂ ಬರುವಂತೆ ಇಟ್ಟುಕೊಂಡಿದ್ದಳು. ಬೀಗ ಬಿದ್ದಿದೆಯೋ ಇಲ್ಲವೋ ಅಷ್ಟೇ ಅದರಿಂದ ತಿಳಿಯುತ್ತಿತ್ತು. ಖಾಲಿ. ಹತ್ತು, ಹನ್ನೊಂದು, ಹನ್ನೆರಡು, ಎಲ್ಲ ಖಾಲಿ. ಅನುಮತಿಯ ದೂರು ಮಾಯವಾಗಿತ್ತು, ಅದರ ಜಾಗದಲ್ಲಿ ಬೇರೆ ಯಾವ ದೂರೂ ಇರಲಿಲ್ಲ. ಅವಳು ಒಂದು ಸಾಲು ತಿದ್ದುವಳು, ಪುಟಕ್ಕೆ ಹೋಗಿ ಏನೋ ಒಂದು ಬರೆದು ಕಳಿಸುವಳು, ಖಾಲಿ ಬಂದದ್ದು ನೋಡುವಳು, ಮತ್ತೆ ತಿದ್ದುವಳು. ಪರೀಕ್ಷೆ ಎಂದು ಬರೆದು ಬರೆದು ಸಾಕಾಗಿ, ಹದಿನೈದನೆಯದಕ್ಕೆ "ಹೊರಗೆ ಮೈನಸ್ ಇಪ್ಪತ್ತೊಂಬತ್ತು" ಎಂದು ಬರೆದಳು. ಹದಿನಾರಕ್ಕೆ "ಪಕ್ಕದ ಮನೆಯವರು ಫ್ಲಾರಿಡಾಕ್ಕೆ ಹೋಗಿದ್ದಾರೆ." ಹದಿನೇಳಕ್ಕೆ "ಭಾನುವಾರ ನಾಲ್ಕು ಗಂಟೆ ಅಂದರೆ ಆಗುವುದಿಲ್ಲ." ಖಾಲಿ, ಖಾಲಿ, ಖಾಲಿ. ಏನು ಬರೆದರೂ ನಡೆಯುತ್ತಿತ್ತು, ಎಲ್ಲವೂ ಹೋಗಿ ಬೀಳುತ್ತಿದ್ದದ್ದು ಅದೇ ಹಳ್ಳಕ್ಕೆ.

ಅಷ್ಟರಲ್ಲಿ ಅವಳಿಗೆ ನಿನ್ನೆ ಬೆಳಿಗ್ಗೆಯ ಒಂದು ಸಂಗತಿ ನೆನಪಾಯಿತು. ಕೈಯಾರೆ ಓಡಿಸಿದಾಗ ಸಾಧನ ಏನೋ ಕೇಳಿತ್ತಲ್ಲ? ಮತ್ತೆ ಓಡಿಸಿ, ಈ ಸಲ ಓದಿದಳು. ಈ ಕೀಲಿ ಚರ್ಚಿನವರದೇ ಎಂಬುದಕ್ಕೆ ಖಾತರಿಯಿಲ್ಲ, ಆದರೂ ಬಳಸಲೇ ಎಂದು ಕೇಳುತ್ತಿತ್ತು. ಹೊಸ ಸರ್ವರ್‌ಗೆ ಕೀಲಿ ಬಂದಿತ್ತು, ಅದರ ಮೇಲೆ ಅವಳು ಇಟ್ಟಿದ್ದ ನಂಬಿಕೆಯ ಗುರುತು ಬಂದಿರಲಿಲ್ಲ. ಕೈಯಿಂದ ಓಡಿಸಿದಾಗ ಹೌದು ಎನ್ನಲು ಅವಳಿದ್ದಳು. ಪುಟದಿಂದ ಓಡಿದಾಗ ಪ್ರಶ್ನೆ ಕೇಳಿಸಿಕೊಳ್ಳಲೂ ಯಾರಿಲ್ಲ, ಉತ್ತರಿಸಲೂ ಯಾರಿಲ್ಲ, ಸಾಧನ ಸುಮ್ಮನೆ ಕೈಬಿಡುತ್ತಿತ್ತು. ನಿನ್ನೆಯೇ ಕಂಡಿದ್ದ ವಿಷಯವನ್ನು ಓದದೆ ಗುಂಡಿ ಒತ್ತಿದ ತನ್ನ ಮೇಲೆ ಸಿಟ್ಟು ಬಂತು.

ಅವಳು ಚರ್ಚಿನ ಕೀಲಿಯ ಗುರುತಿನ ಅಕ್ಷರಸಾಲನ್ನು ತನ್ನ ಹಳೆಯ ಡೈರಿಯಲ್ಲಿ ಬರೆದದ್ದರ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿದಳು. ಅದೇ ಕೀಲಿ. ನಂಬಿಕೆಯ ಗುರುತಾಗಿ ಅದರ ಮೇಲೆ ತನ್ನ ಸಹಿ ಹಾಕಿದಳು. ಇಷ್ಟಾದರೂ ಸರಿಹೋಗುತ್ತದೆಂಬ ನಂಬಿಕೆ ಅವಳಿಗಿರಲಿಲ್ಲ, ಹದಿನೇಳು ಸಲ ಕೈಕೊಟ್ಟ ಮೇಲೆ ಯಾರಿಗಿರುತ್ತದೆ? ಪುಟ ತೆರೆದು, ಪೆಟ್ಟಿಗೆಯಲ್ಲಿ ಕೈ ಹೋದಂತೆ ಬರೆಯತೊಡಗಿದಳು.

"ನನ್ನ ತಂಗಿ ಅಕ್ಟೋಬರ್ ಹತ್ತೊಂಬತ್ತಕ್ಕೆ ತೀರಿಕೊಂಡಳು. ಈ ಊರಿನಲ್ಲಿ ಅವಳನ್ನು ನೋಡಿದವರಿಲ್ಲ. ನಾನೂ ಹೇಳಲಿಲ್ಲ. ವಾರಕ್ಕೊಮ್ಮೆ ಒಂದು ಗಂಟೆ ಮಾತಾಡುತ್ತಿದ್ದೆವು. ಹೆಚ್ಚಿನದೇನಿಲ್ಲ, ಏನು ಅಡುಗೆ, ಎಷ್ಟು ಹಿಮ ಬಿತ್ತು ಅಷ್ಟೇ. ಅದೊಂದು ಗಂಟೆಗೋಸ್ಕರ ನಾನು ಉಳಿದ ದಿನವೆಲ್ಲ ವಿಷಯ ಕೂಡಿಡುತ್ತಿದ್ದೆ ಅಂತ ಈಗ ತಿಳೀತಿದೆ. ಈಗಲೂ ಕೂಡಿಡುತ್ತೇನೆ. ನಿಲ್ಲಿಸೋಕೆ ಬರುತ್ತಿಲ್ಲ. ಕಳೆದ ಗುರುವಾರದಿಂದ ನಾನು ಬಾಯಿ ತೆರೆದಿರಲಿಲ್ಲ, ನಿನ್ನೆ ಫೋನು ಬಂದಾಗ ನನ್ನ ದನಿ ನನಗೇ ಗುರುತು ಸಿಗಲಿಲ್ಲ."

ಕಳಿಸಿದಳು. ಮೂರು ಗಂಟೆ ಇಪ್ಪತ್ತು ನಿಮಿಷ. ನಕಲು ಬಂತು. ತೆರೆದರೆ, ಪರದೆಯ ತುಂಬ ಒತ್ತೊತ್ತಾಗಿ ಅರ್ಥವಿಲ್ಲದ ಅಕ್ಷರಗಳು.

"ಬಂತು!" ಎಂದು ಅವಳು ಖಾಲಿ ಅಡುಗೆಮನೆಗೆ ಕೂಗಿ ಹೇಳಿದಳು. ಕುರ್ಚಿಯಿಂದ ಎದ್ದೂ ಬಿಟ್ಟಿದ್ದಳು. ಆಮೇಲೆ ಆ ಅಕ್ಷರಗಳ ಒಳಗೆ ಏನಿದೆ ಎಂಬುದು ತಲೆಗೆ ಹತ್ತಿತು, ಮೆಲ್ಲನೆ ಮತ್ತೆ ಕೂತಳು. ಹೋದದ್ದನ್ನು ವಾಪಸು ಕರೆಯುವ ದಾರಿಯಿರಲಿಲ್ಲ. ತೆರೆದು ನೋಡುವ ಕೀಲಿಯೂ ಅವಳಲ್ಲಿರಲಿಲ್ಲ. ಇಷ್ಟು ಗಟ್ಟಿಯಾಗಿ ಎಲ್ಲವನ್ನೂ ಕಟ್ಟಿದವಳು ಅವಳೇ.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಫೋನು ಬಂತು. ಮಂಗಳವಾರ ನೆಲಮಾಳಿಗೆಯಲ್ಲಿ ಅರ್ಲೀನ್‌ಳದೇ ಸರದಿ.

"ಒಂದು ಬಂತು ಕಣೇ," ಎಂದಳು. ಬಸ್ಸಿನ ಗಂಟಲು ಎಲ್ಲೋ ಅಡಗಿತ್ತು. "ಬೀಗ ತೆಗೆದೆ. ಪೂರ್ತಿ ಓದೋಕಾಗುತ್ತೆ."

"ಒಳ್ಳೇದು. ಹಾಗಾದ್ರೆ ಸರಿಯಾಯ್ತು." ಹಿಲ್ಕಾ ಫೋನಿನ ಸುರುಳಿ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅದು ಬಹುಶಃ ಪರೀಕ್ಷೆಗೆ ಕಳಿಸಿದ್ದು. ಅಳಿಸಿಬಿಡು."

"ಬಂದ ಕಾಗದ ಯಾರದು, ಅದರಲ್ಲಿ ಏನಿದೆ ಅಂತ ಹೊರಗಿನವರ ಹತ್ರ ಆಡೋ ಹಾಗಿಲ್ಲ. ನಮ್ಮ ನಿಯಮ ನಿಂಗೊತ್ತಲ್ಲ."

"ಗೊತ್ತು."

"ಬರೆದೋರು ಉತ್ತರ ಕಳಿಸೋಕೆ ವಿಳಾಸಾನೇ ಹಾಕಿಲ್ಲ. ಅದಕ್ಕೇ ಏನು ಮಾಡೋದು ತಿಳೀತಿಲ್ಲ." ಅರ್ಲೀನ್ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. "ನಿಂಗೇನಾದ್ರೂ ಆ ಮನುಷ್ಯರು ಎಲ್ಲಾದ್ರೂ ಸಿಕ್ಕಿದ್ರೆ, ನಾನು ಹೇಳ್ದೆ ಅಂತ ಹೇಳಬೇಡ, ಸುಮ್ನೆ ಹೇಳು. ನಾಳೆ ಹತ್ತು ಗಂಟೆಗೆ ನಾನು ಇಲ್ಲಿ ಒಬ್ಬಳೇ ಇರ್ತೀನಿ. ಕೋಣೆ ಗುಡಿಸೋಕೆ. ಕಾಫಿ ಹಾಕಿರ್ತೀನಿ."

ಹಿಲ್ಕಾ ಬೆರಳಿಗೆ ಸುತ್ತಿದ್ದ ತಂತಿಯನ್ನು ಬಿಚ್ಚಿದಳು.

"ಕೇಳಿಸ್ತಾ?"

"ಸಿಕ್ಕಿದ್ರೆ ಹೇಳ್ತೀನಿ," ಎಂದು ಹಿಲ್ಕಾ ಫೋನಿಟ್ಟು, ಪುಟದ ಮೇಲಿನ "ಸದ್ಯಕ್ಕೆ ಬರೆಯಬೇಡಿ" ಎಂಬ ಮಾತನ್ನು ತೆಗೆದಳು.

ಬುಧವಾರ ಬೆಳಿಗ್ಗೆ ಅವಳು ಹೋಗಬಾರದೆಂದು ನಿರ್ಧರಿಸಿ, ಹಿಮದ ಗುಡ್ಡೆಯನ್ನು ಸಲಿಕೆಯಿಂದ ಬಗೆದು ಕಾರಿಗೆ ದಾರಿ ಮಾಡಿದಳು. ದಾರಿ ಮಾಡಿದ ಮೇಲೆ ಕಾರು ಹೊರಡುತ್ತದೋ ನೋಡೋಣವೆಂದು ಕೂತಳು. ಹತ್ತೂಕಾಲಿಗೆ ಚರ್ಚಿನ ಹಿಂಬಾಗಿಲಲ್ಲಿ ಬೂಟು ಕೊಡವುತ್ತಿದ್ದಳು.

ಅರ್ಲೀನ್ ನಿಜವಾಗಿಯೂ ಗುಡಿಸುತ್ತಿದ್ದಳು. ಮೇಜಿನ ಮೇಲೆ ಊರಿನವರು ಪರ್ಶಿಯನ್ ಎನ್ನುವ, ಗುಲಾಬಿ ಕೆನೆ ಬಳಿದ ನಾಲ್ಕು ಸಿಹಿ ಬನ್ನುಗಳ ಪೊಟ್ಟಣವಿತ್ತು. "ಬಾರೇ, ಬಾಗಿಲು ಹಾಕು, ಚರ್ಚಿನ ಬಿಸಿಯೆಲ್ಲ ದೇವರ ಹತ್ರ ಹೋಗುತ್ತೆ," ಎಂದಳು. ಪತ್ರದ ಮಾತೆತ್ತಲಿಲ್ಲ. ಹಿಲ್ಕಾ ಸರ್ವರ್‌ನ ಕಥೆ ಹೇಳಿದಳು, ಯಾರೂ ಅಲ್ಲದವನ ಕಥೆ, ಓರೆಸ್ಟ್‌ನ ಕಥೆ. ಅರ್ಧಕ್ಕರ್ಧ ಅರ್ಥವಾಗದಿದ್ದರೂ ಅರ್ಲೀನ್ ಕೊನೆಯವರೆಗೂ ಕೇಳಿದಳು. ಕೇಳುವುದು ಅವಳ ಕೆಲಸವೇ ಆಗಿತ್ತು, ಆದರೂ ಹಿಲ್ಕಾ ಅವಳನ್ನು ಆ ಕೆಲಸದಲ್ಲಿ ನೋಡಿದ್ದು ಅದೇ ಮೊದಲು.

"ವಿಳಾಸ ಇತ್ತಂತೆ," ಎಂದಳು ಹಿಲ್ಕಾ. "ಆ ಹನ್ನೊಂದು ನಲವತ್ತರವರದು. ನಾನೇ ಅಳಿಸಿಹಾಕಿಸಿದೆ."

ಅರ್ಲೀನ್ ಬನ್ನನ್ನು ಕೆಳಗಿಟ್ಟಳು. "ನಾನಾಗಿದ್ರೆ ಇಸ್ಕೋತಿದ್ದೆ," ಎಂದಳು. "ಇಸ್ಕೊಂಡು ಓಡಿಹೋಗಿ ಏನೋ ಒಂದು ಎಡವಟ್ಟು ಮಾಡ್ತಿದ್ದೆ. ನೀನು ಮಾಡಿದ್ದು ಸರಿ ಅಂತ ಹೇಳೋಕೂ ನಂಗೆ ಬರ್ತಿಲ್ಲ ಕಣೇ."

"ನಂಗೂ ಬರ್ತಿಲ್ಲ."

ಅರ್ಲೀನ್ ಬನ್ನಿನ ಪೊಟ್ಟಣವನ್ನು ಅವಳತ್ತ ಸರಿಸಿದಳು. ಆಮೇಲೆ ಹಿಲ್ಕಾ ತಾನಾಗಿಯೇ, ಲೋಟವನ್ನು ನೋಡುತ್ತ, "ಅವಳ ಹೆಸರು ಹೆಲ್ವಿ," ಎಂದಳು.

"ದೊಡ್ಡವಳಾ, ಚಿಕ್ಕವಳಾ?"

"ಎರಡು ವರ್ಷ ಚಿಕ್ಕವಳು. ನನಗಿಂತ ಬಾಯಿ ಜೋರು. ನಿನ್ನ ಹಾಗೆ."

"ಹಾಗಾದ್ರೆ ಒಳ್ಳೆಯವಳೇ ಇರಬೇಕು," ಎಂದು ಅರ್ಲೀನ್ ಕಾಫಿ ಬಗ್ಗಿಸಿದಳು.

ಆ ತಿಂಗಳಲ್ಲಿ, ಖಾಲಿ ಕಾಗದ ಕಳಿಸಿದ್ದವರಲ್ಲಿ ಮೂವರು ಮತ್ತೆ ಬರೆದರು. ಅಷ್ಟನ್ನು ಮಾತ್ರ ಅರ್ಲೀನ್ ಹೇಳಿದಳು. ದಿನಾ ಬರೆಯುತ್ತಿದ್ದವರು ಮಾತ್ರ ಮತ್ತೆ ಬರಲಿಲ್ಲ, ಅಥವಾ ಬೇರೆ ಹೊತ್ತಿನಲ್ಲಿ ಬಂದರೋ ತಿಳಿಯುವ ದಾರಿಯಿರಲಿಲ್ಲ. ತಾನೂ ಪತ್ರ ಓದುವವಳಾಗಬಹುದೇ ಎಂದು ಹಿಲ್ಕಾ ಒಮ್ಮೆ ಕೇಳಿದಳು. "ನೀನು ಕೆಟ್ಟಿದ್ದನ್ನ ರಿಪೇರಿ ಮಾಡೋಳು, ಜನರ ಮಾತು ಕೇಳಿದ್ರೆ ಅವರನ್ನೂ ರಿಪೇರಿ ಮಾಡೋಕೆ ಹೊರಡ್ತೀಯ," ಎಂದು ಅರ್ಲೀನ್ ಒಪ್ಪಲಿಲ್ಲ. ಅದು ನಿಜವೆಂದು ಹಿಲ್ಕಾಳಿಗೂ ಗೊತ್ತಿತ್ತು.

ಬುಧವಾರಗಳಲ್ಲಿ ಅವಳು ಕೆಲವೊಮ್ಮೆ ಹೋದಳು, ಕೆಲವೊಮ್ಮೆ ಹೋಗಲಿಲ್ಲ. ಭಾನುವಾರ ನಾಲ್ಕು ಗಂಟೆ ಮೊದಲಿನಷ್ಟೇ ಉದ್ದವಾಗಿತ್ತು. ಮಾರ್ಚಿನಲ್ಲಿ ಊರಿನಂಚಿನ ಸರೋವರದ ಹಿಮಗಡ್ಡೆ ಬಿರಿಯತೊಡಗಿದಾಗಲೂ, ಅವಳು ದಿನಾ ಹಗಲು ಹನ್ನೊಂದು ನಲವತ್ತಕ್ಕೆ ಪುಟ ತೆರೆದು ಒಂದು ಪದ ಬರೆದು ಕಳಿಸುತ್ತಿದ್ದಳು, ಬೀಗ ಬೀಳುತ್ತಿದೆಯೋ ಎಂದು ನೋಡಲು. ಬೀಳುತ್ತಿತ್ತು.